ಬಿಕ್ಕಲಂ ಯಾರದ್ದು?

ಅಪ್ಪ ತೀರಿಕೊಂಡು ವರ್ಷ ತುಂಬಿದ ದಿನ ಇಲ್ಲಿ ಅವರ ಬಗ್ಗೆ ಒಂದು ಬರಹ ಹಾಕಿದ್ದೆ. ಮಂಡ್ಯದ ಬಳಿಯ ನಮ್ಮ ಆಲೆಮನೆ, ಕೊಪ್ಪರಿಗೆಯಲ್ಲಿ ಉಕ್ಕುವ ಕಬ್ಬಿನ ಹಾಲು, ಪಾಕ ಬಂತೇ ಎಂದು ಅಪ್ಪ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಎಡಗೈ ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದ ರೀತಿ, ಇವನ್ನೆಲ್ಲ ಬರೆದವನು ನಾನೇ. ಕೊನೆಯ ಪ್ಯಾರಾ ಮಾತ್ರ ಹೊಂದಲಿಲ್ಲ. ಚಾಟ್‌ಜಿಪಿಟಿಗೆ ಕೊಟ್ಟು, ಚೆನ್ನಾಗಿ ಮುಗಿಸಿಕೊಡು ಎಂದೆ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲೆ ಏರಿಯ ಮೇಲೆ ನಡೆಯುವ ಸಾಲೊಂದನ್ನು ಅದು ಸೇರಿಸಿತು. ಹಾಗೆ ನಡೆದಿರಲಿಲ್ಲವೆಂದು ಗೊತ್ತಿದ್ದೂ, ಚೆಂದವಾಗಿದೆಯೆಂದು ಉಳಿಸಿಕೊಂಡೆ. ಕಣ್ತುಂಬಿ ಬಂತೆಂದು ಹೆಚ್ಚಿನವರು ಬರೆದದ್ದು ಆ ಸಾಲಿಗೇ.

ಮಗಳಿಂದ ಓದಿಸಿ ಕೇಳಿದ ಸೋದರತ್ತೆ ರಾತ್ರಿ ಫೋನ್ ಮಾಡಿದರು. “ನಮ್ಮಣ್ಣ ಯಾವಾಗ್ಲಾ ಮಗ ನಿನ್ನ ಹೆಗಲ ಮೇಲೆ ಕೂರಿಸ್ಕಂಡಿದ್ದು? ಗಾಣಕ್ಕೆ ಸಿಕ್ಕಿದ್ ಕೈ ಮೇಲಕ್ಕೇ ಏಳ್ತಿರ್ನಿಲ್ವಲ್ಲ” ಎಂದರು. ನನಗೆ ಉತ್ತರ ತೋಚಲಿಲ್ಲ.

ಆ ಸಾಧನಕ್ಕೆ ಮೋಸದ ಉದ್ದೇಶವಿರಲಿಲ್ಲ. ಅಪಾರ ಬರಹಗಳಿಂದ ಕಲಿತು, ಒಂದು ಪದದ ಮುಂದೆ ಯಾವುದು ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕಿ ಪೋಣಿಸುವುದು ಅದರ ಕೆಲಸ. ಅಪ್ಪ ಎಂದೊಡನೆ ಅದಕ್ಕೆ ಹೆಗಲು ಸಿಗುತ್ತದೆ, ಗಾಣಕ್ಕೆ ಸಿಕ್ಕ ಬಲಗೈ ನಾನು ಹೇಳದ ಹೊರತು ಸಿಗುವುದಿಲ್ಲ. ಹೇಳದೆ ಉಳಿದವನು ನಾನು.

ನಮ್ಮ ಮನೆಯ ಹಳೆಯ ಕ್ರಯಪತ್ರದಲ್ಲಿ ಬರೆಸಿಕೊಟ್ಟವರ ಹೆಬ್ಬೆಟ್ಟಿನ ಗುರುತಿನ ಕೆಳಗೆ ‘ಬಿಕ್ಕಲಂ’, ಅಂದರೆ ‘ಇವರ ಲೇಖನಿಯಿಂದ’, ಎಂಬ ಮಾತಿನೊಂದಿಗೆ ಪತ್ರ ಬರೆದುಕೊಟ್ಟವರ ರುಜುವೂ ಇದೆ. ಮಾತು ಯಾರದ್ದು, ಲೇಖನಿ ಯಾರದ್ದು ಎಂಬುದು ಅಲ್ಲಿ ಬೇರೆ ಬೇರೆಯಾಗಿಯೇ ಕಾಣುತ್ತದೆ. ಬರೆಸಿದವರಿಗೆ ಅದರಿಂದ ಕುಂದೇನೂ ಆಗಲಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನಮಗೆಲ್ಲ ಒಬ್ಬ ಬರವಣಿಗೆಯವನು ಸಿಕ್ಕಿದ್ದಾನೆ. ಅವನ ರುಜುವನ್ನು ಮಾತ್ರ ನಾವು ಹಾಕಿಸುತ್ತಿಲ್ಲ. ಕಾಗುಣಿತ ತಿದ್ದಿಸಿದ್ದನ್ನು ಸಾರಬೇಕೆಂದು ನಾನು ಹೇಳುವುದಿಲ್ಲ. ಆದರೆ ನೆನಪು, ಶೋಕ, ಕ್ಷಮೆ ಕೇಳುವ ಪತ್ರ ಇಂಥವುಗಳಲ್ಲಿ ಒಂದು ವಾಕ್ಯವನ್ನಾದರೂ ಯಂತ್ರದಿಂದ ಬರೆಸಿದ್ದರೆ ಅದನ್ನು ಓದುಗರಿಗೆ ತಿಳಿಸಲೇಬೇಕು, ಏಕೆಂದರೆ ಅವರು ನಂಬುವುದು ಶೈಲಿಯನ್ನಲ್ಲ, ಬರೆದವನು ಅಲ್ಲಿದ್ದ ಎಂಬುದನ್ನು.

ಆ ಸಾಲನ್ನು ಇಂದು ತೆಗೆದು, ಅದು ಹೇಗೆ ಬಂದಿತ್ತೆಂಬುದನ್ನು ಬರಹದ ಕೆಳಗೆ ಸೇರಿಸಿದ್ದೇನೆ. ಅಪ್ಪ ನಾಲೆ ಏರಿಯ ಮೇಲೆ ನನ್ನನ್ನು ಎಡಗೈಯಲ್ಲಿ ಹಿಡಿದು ನಡೆಸುತ್ತಿದ್ದರು. ಕೊನೆಯ ಪ್ಯಾರಾದಲ್ಲಿ ಈಗ ಅಷ್ಟೇ ಇದೆ.