ಪದವಿಗೆ ಪ್ಲಾಸ್ಟಿಕ್ ಕವಚ

ಇಂಗ್ಲಿಷ್ ಎಂ.ಎ. ಮುಗಿಸಿದವರನ್ನು ಬಂಧುಗಳು "ಮುಂದೇನು?" ಎಂದು ಕೇಳಿಯೇ ಕೇಳುತ್ತಾರೆ. "ವಿದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುತ್ತೇನೆ" ಎಂದೆ. "ಇಂಗ್ಲಿಷಿನವರಿಗೇ ಇಂಗ್ಲಿಷೇ?" ಎಂದರು ಚಿಕ್ಕಪ್ಪ. ಅಲ್ಲ, ಇಂಗ್ಲಿಷ್ ಬಾರದವರಿಗೆ ಎಂದು ತಿದ್ದಿದೆ. "ಅದಕ್ಕೆ ಅಷ್ಟು ದೂರ ಯಾಕೆ? ಇಲ್ಲೇ ನಾವೆಲ್ಲ ಇದ್ದೇವಲ್ಲ" ಎಂದರು. ಈ ವಾದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ.

ಮೊದಲು ದೇಶ ಹುಡುಕಬೇಕು. ಜಪಾನ್ ಸರ್ಕಾರ 1987ರಲ್ಲಿ ಆರಂಭಿಸಿದ ಜೆಟ್ ಎಂಬ ಯೋಜನೆಯಿದೆ. ಅದರಲ್ಲಿ ಶಾಲೆಯ ಸಹಾಯಕ ಶಿಕ್ಷಕರಾಗಲು ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ಹಳೆಯ ಇಂಗ್ಲಿಷ್ ಕವಿತೆಗಳೊಡನೆ ನಾನು ಗುದ್ದಾಡಿದ ವರ್ಷಗಳಿಗೂ, ಭೂಗರ್ಭಶಾಸ್ತ್ರದ ಗೆಳತಿ ಕಲ್ಲು ಕುಟ್ಟಿದ ವರ್ಷಗಳಿಗೂ ಅಲ್ಲಿ ಒಂದೇ ಬೆಲೆ. ದಕ್ಷಿಣ ಕೊರಿಯಾದಲ್ಲಿ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಇಂಗ್ಲಿಷಿನ ಮಟ್ಟಿಗೆ ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಅಲ್ಲಿ ಭೂಗರ್ಭದ ಗೆಳತಿಯೂ ಇಲ್ಲ, ನಾನೂ ಇಲ್ಲ. ಅಷ್ಟರ ಮಟ್ಟಿಗೆ ಸಮಾಧಾನ.

ಮುಂದಿನದು ಕಾಗದಪತ್ರ. ಪದವಿ ಪತ್ರವನ್ನು ವಿದೇಶದವರು ಒಪ್ಪಬೇಕಾದರೆ ಮೊದಲು ಅದರ ಮೇಲೆ ಸರ್ಕಾರದ ಮೊಹರು ಬೀಳಬೇಕು. ಪದವಿ ಪತ್ರ ಕೈಗೆ ಬಂದ ದಿನವೇ ಅಪ್ಪ ಅದಕ್ಕೆ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದರು. ನೀರು, ಗೆದ್ದಲು, ಜಿರಳೆ ಯಾವುದೂ ಇನ್ನು ಮುಟ್ಟಲಾರದು ಎಂದು ಬೀಗಿದ್ದರು. ಸರ್ಕಾರದ ಮೊಹರೂ ಮುಟ್ಟಲಾರದು ಎಂಬುದು ಆಮೇಲೆ ತಿಳಿಯಿತು. ದೃಢೀಕರಣ ಕಚೇರಿಯ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, "ಪ್ಲಾಸ್ಟಿಕ್ಕಿನ ಮೇಲೆ ಮೊಹರು ಕೂರುವುದಿಲ್ಲ, ತೆಗೆಸಿಕೊಂಡು ಬನ್ನಿ" ಎಂದರು. ಲ್ಯಾಮಿನೇಷನ್ ಮಾಡಿದಾತನನ್ನು ಕೇಳಿದರೆ, ಹಾಕುವುದಷ್ಟೇ ತನ್ನ ವಿದ್ಯೆ ಎಂದ.

ಮನೆಯಲ್ಲಿ ಸಭೆ ಸೇರಿತು. ಫ್ರಿಜ್ಜಿನಲ್ಲಿಟ್ಟರೆ ಪ್ಲಾಸ್ಟಿಕ್ ತಾನಾಗಿ ಬಿಡುತ್ತದೆ ಎಂದು ಚಿಕ್ಕಪ್ಪ, ಇಸ್ತ್ರಿಪೆಟ್ಟಿಗೆಯೇ ಸರಿ ಎಂದು ಅಮ್ಮ. ಮೊದಲು ಹೈಸ್ಕೂಲಿನ ಒಂದು ಅಂಕಪಟ್ಟಿಯ ಮೇಲೆ ಪ್ರಯೋಗವಾಯಿತು. ಅಪ್ಪ ಅದಕ್ಕೂ ಲ್ಯಾಮಿನೇಷನ್ ಮಾಡಿಸಿದ್ದರು. ಇಸ್ತ್ರಿಗೆ ಪ್ಲಾಸ್ಟಿಕ್ ಎದ್ದು ಬಂತು, ಅದರ ಬೆನ್ನಿಗೆ ಅಂಕಗಳೂ ಎದ್ದು ಬಂದವು. ಹೋದದ್ದು ಗಣಿತದ ಅಂಕಗಳಾದ್ದರಿಂದ ಯಾರೂ ಹೆಚ್ಚು ದುಃಖಿಸಲಿಲ್ಲ. ಆದರೆ ಪದವಿ ಪತ್ರದ ಮೇಲೆ ಕೈಯಿಡುವ ಧೈರ್ಯ ಅಲ್ಲಿಗೆ ಮುಗಿಯಿತು.

ಉಳಿದದ್ದು ವಿಶ್ವವಿದ್ಯಾಲಯದಿಂದ ಪದವಿ ಪತ್ರದ ನಕಲು ಪ್ರತಿ ಪಡೆಯುವ ದಾರಿ. ಅರ್ಜಿಯಲ್ಲಿ ಕಾರಣ ಕೇಳಿದ್ದರು: ಕಳೆದಿದೆ, ಸುಟ್ಟಿದೆ, ಹರಿದಿದೆ, ಇತರೆ. ಅತಿಯಾಗಿ ಕಾಪಾಡಲಾಗಿದೆ ಎಂಬ ಸಾಲು ಇರಲಿಲ್ಲ. ಕಿಟಕಿಯ ಹಿಂದಿದ್ದ ಹೆಂಗಸು ನನ್ನ ಕಥೆ ಪೂರ್ತಿ ಕೇಳಿ, "ಇತರೆ ಎನ್ನುವ ಕಡೆ 'ತಂದೆಯವರ ಪ್ರೀತಿ' ಎಂದು ಬರೆಯಿರಿ" ಎಂದರು. ಬರೆದೆ. ಮಂಜೂರಾಯಿತು. ಅಷ್ಟು ಹೊತ್ತಿಗೆ ಪೊಲೀಸರು ಕೊಟ್ಟಿದ್ದ ಪ್ರಮಾಣಪತ್ರದ ಗಡುವು ದಾಟಿ, ನನ್ನ ಸಚ್ಚಾರಿತ್ರ್ಯ ಅಮಾನ್ಯವಾಗಿತ್ತು. ಇಂಗ್ಲಿಷ್ ಎಷ್ಟು ಬರುತ್ತದೆಂದು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯವರು ಇನ್ನೂ ಉದಾರಿಗಳು. ನನ್ನ ಇಂಗ್ಲಿಷ್ ಎರಡು ವರ್ಷ ಹಳಸುವುದಿಲ್ಲ ಎಂದು ನಂಬುತ್ತಾರೆ.

ಕೊನೆಗೆ ದಾಖಲೆಗೆ ಅಪೋಸ್ಟಿಲ್, ಅಂದರೆ ಬೇರೆ ದೇಶದವರು ಒಪ್ಪಲೆಂದು ಸರ್ಕಾರ ಕೊಡುವ ದೃಢೀಕರಣದ ಚೀಟಿ, ಅಂಟಿತು. ಹೇಗ್ ನಗರದಲ್ಲಿ 1961ರ ಅಕ್ಟೋಬರ್ 5ರಂದು ಆದ ಒಪ್ಪಂದದ ಕೂಸು ಅದು. ಒಂದೊಂದು ಬದಿ ಕನಿಷ್ಠ 9 ಸೆಂಟಿಮೀಟರಿನ ಚೌಕ, ಒಳಗೆ ಹತ್ತು ಸಾಲುಗಳ ವಿವರ. ಒಪ್ಪಂದಕ್ಕೆ ಸೇರಿದ ದೇಶಗಳು ಇದೊಂದನ್ನು ನೋಡಿ ತೃಪ್ತರಾಗಬೇಕು. ಚೀನಾದಲ್ಲಿ ಇದು ನಡೆಯತೊಡಗಿದ್ದು 2023ರ ನವೆಂಬರ್ 7ರಿಂದ. ಅದಕ್ಕೂ ಮೊದಲು ಅಲ್ಲಿಗೆ ಹೊರಟ ಹಲವು ದೇಶಗಳವರು ರಾಯಭಾರ ಕಚೇರಿಯ ಬಾಗಿಲನ್ನೂ ಕಾಯಬೇಕಿತ್ತು. ಇಷ್ಟೆಲ್ಲ ಆದಮೇಲೆ ಈ ಚೌಕ ನಾನು ಪಾಸಾಗಿದ್ದೇನೆ ಎಂದು ಹೇಳುತ್ತದೆಯೇ? ಇಲ್ಲ. ಸಹಿ ಹಾಕಿದವರ ಸಹಿ ಅವರದೇ, ಹುದ್ದೆ ಅವರದೇ, ಮೊಹರು ಅಸಲಿ ಎಂದಷ್ಟೇ ಹೇಳುತ್ತದೆ. ಒಳಗಿನ ವಿಷಯ ಸತ್ಯವೋ ಸುಳ್ಳೋ ಅದಕ್ಕೆ ಸಂಬಂಧವಿಲ್ಲ. ಅದೂ ಸಾಲದೆಂಬಂತೆ, ಅದರ ಶೀರ್ಷಿಕೆ ಫ್ರೆಂಚಿನಲ್ಲೇ ಇರಬೇಕೆಂದು ನಿಯಮ. ಇಂಗ್ಲಿಷ್ ಕಲಿಸಲು ಹೊರಟ ನನ್ನ ಅರ್ಹತೆಯ ಹಣೆಬರಹವೇ ಫ್ರೆಂಚ್.

ಇನ್ನು ತರಬೇತಿ. ಇಂಗ್ಲಿಷ್ ಕಲಿಸುವುದು ಹೇಗೆಂದು ಕಲಿಸುವ, ಕೇಂಬ್ರಿಜ್‌ನ ಸೆಲ್ಟಾದಂಥ ಕೋರ್ಸಿನಲ್ಲಿ 120 ಗಂಟೆಗಳ ಕಲಿಕೆ. ಅದರೊಳಗೆ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆ ಪಾಠ ಮಾಡಿ ತೋರಿಸಬೇಕು. ಶಿಕ್ಷಕರೆಂದರೆ ಮಾತನಾಡುವವರು ಎಂದು ನಂಬಿ ಬೆಳೆದ ನನಗೆ ಅಲ್ಲಿ ಹೇಳಿಕೊಟ್ಟದ್ದು ಬಾಯಿ ಮುಚ್ಚುವುದನ್ನು. ಶಿಕ್ಷಕರ ಮಾತು ಕಡಿಮೆಯಾದಷ್ಟೂ ಪಾಠ ಒಳ್ಳೆಯದು. "ಅರ್ಥವಾಯಿತೇ?" ಎಂದಂತೂ ಕೇಳಲೇಬಾರದು, ಏಕೆಂದರೆ ಅರ್ಥವಾಗದವರೇ ಮೊದಲು ತಲೆಯಾಡಿಸುತ್ತಾರೆ. ಬದಲಿಗೆ ಅರ್ಥವಾದದ್ದನ್ನು ಹೊರಗೆಳೆಯುವ ಸಣ್ಣ ಸಣ್ಣ ಪ್ರಶ್ನೆಗಳನ್ನು ಹಾಕಬೇಕು. ಈ ಅಭ್ಯಾಸ ಮನೆಗೂ ಬಂತು. ಕೊರಿಯರ್ ಕಚೇರಿಗೆ ಹೊರಟ ಅಪ್ಪನ ಕೈಗೆ ಲಕೋಟೆ ಕೊಟ್ಟು, "ಇದನ್ನು ಮಡಚಬಹುದೇ? ಒಳಗಿರುವುದು ಅಸಲೋ ನಕಲೋ? ರಸೀದಿಯನ್ನು ಏನು ಮಾಡುತ್ತೀರಿ?" ಎಂದೆ. ಅಪ್ಪ ಲಕೋಟೆಯನ್ನು ನನ್ನ ಕೈಗೇ ವಾಪಸು ಕೊಟ್ಟು ದಿನಪತ್ರಿಕೆ ಬಿಡಿಸಿಕೊಂಡು ಕುಳಿತರು.

ಆಮೇಲೆ ಒಂದು ಶಾಲೆಯ ಸಂದರ್ಶನ, ವಿಡಿಯೊ ಕರೆಯಲ್ಲಿ. ಇಂಗ್ಲಿಷ್ ವ್ಯಾಕರಣದ ಕಾಲಸೂಚಕಗಳನ್ನೆಲ್ಲ, ಅಂದರೆ ಟೆನ್ಸ್‌ಗಳನ್ನು, ರಾತ್ರಿಯಿಡೀ ಉರು ಹೊಡೆದು ಕುಳಿತಿದ್ದೆ. ಸಂದರ್ಶಕರು ಕಟ್ಟಿದ್ದ ಟೈ ಸಡಿಲಿಸಿ, "ನಾನೀಗ ಆರು ವರ್ಷದ ಹುಡುಗ, ಪಾಠ ಶುರು ಮಾಡಿ" ಎಂದರು. ಬೆಕ್ಕಿನ ಚಿತ್ರ ತೋರಿಸಿದೆ, ಅವರು ಬೊಗಳಿದರು. ಬಣ್ಣ ಯಾವುದೆಂದು ಕೇಳಿದೆ. ಮೇಜಿನ ಕೆಳಗೆ ಹೋದರು. ಹೊರಬಂದವರು, ಪಕ್ಕದವನು ಪೆನ್ಸಿಲ್ ಕಸಿದುಕೊಂಡ ಎಂದು ಗೊಳೋ ಎಂದು ಅಳತೊಡಗಿದರು. ಇದಕ್ಕೆ ಯಾವ ಕಾಲಸೂಚಕ ಬಳಸಬೇಕೆಂದು ಯೋಚಿಸುತ್ತಿದ್ದಾಗ ಅಮ್ಮ ಕೋಣೆಗೆ ಬಂದು, ಪರದೆಯ ಮೇಲೆ ಅಳುತ್ತಿದ್ದ ದೊಡ್ಡ ಮನುಷ್ಯರನ್ನು ಕಂಡು ಗಾಬರಿಯಾದರು. ಪೆನ್ಸಿಲ್ ಹೋಯಿತಂತೆ ಎಂದೆ. ಅಮ್ಮ ಬಗ್ಗಿ, "ಅಳಬಾರದಪ್ಪ, ಬೇರೆ ಕೊಡಿಸೋಣ. ಕಣ್ಣು ಒರೆಸಿಕೋ" ಎಂದು ಕನ್ನಡದಲ್ಲೇ ಹೇಳಿದರು. ಅವರು ನಿಜಕ್ಕೂ ಅಳು ನಿಲ್ಲಿಸಿ ಕೈಕಟ್ಟಿ ಕುಳಿತರು.

ಮರುದಿನ ಇಮೇಲ್ ಬಂತು. ನನ್ನ ಪಾಠಕ್ಕೆ ಹತ್ತರಲ್ಲಿ ಆರು ಅಂಕ. ಕೆಳಗೆ ಒಂದು ಟಿಪ್ಪಣಿ: ನಿಮ್ಮ ಸಹಾಯಕ ಶಿಕ್ಷಕಿಯವರಿಗೆ ತರಗತಿಯನ್ನು ನಿಭಾಯಿಸುವ ಕಲೆ ಚೆನ್ನಾಗಿ ಒಲಿದಿದೆ, ಅವರೂ ಅರ್ಜಿ ಹಾಕುವರೇ?