ಎಲ್ಲರ ತಟ್ಟೆಯಲ್ಲೂ ಎಲ್ಲರ ಕೈ

ಬ್ರಂಚಿಗೆ ಹೋಗುವ ಭಾನುವಾರ ಮನೆಯಲ್ಲಿ ಬೆಳಗಿನಿಂದಲೇ ಅಘೋಷಿತ ಉಪವಾಸ. ‘ಹನ್ನೊಂದಕ್ಕೆ ಫ್ರೆಂಚ್ ರೆಸ್ಟೋರೆಂಟಿನಲ್ಲಿ ಟೇಬಲ್ ಬುಕ್ ಆಗಿದೆ, ಯಾರೂ ಏನೂ ತಿನ್ನಬೇಡಿ’ ಎಂಬ ಅಕ್ಕನ ಆಜ್ಞೆ ಹಿಂದಿನ ರಾತ್ರಿಯೇ ಹೊರಟಿರುತ್ತದೆ. ಎಂಟು ಗಂಟೆಗೆ ಅಪ್ಪ ನೀರು ಕುಡಿಯಲು ಅಡುಗೆಮನೆಗೆ ಹೋಗುತ್ತಾರೆ. ಒಂಬತ್ತಕ್ಕೆ ಮತ್ತೆ ನೀರು. ನೀರು ಕುಡಿದು ಬಂದವರ ಮೀಸೆಯ ಮೇಲೆ ಬಿಸ್ಕತ್ತಿನ ಪುಡಿ ಕಂಡರೂ ಕಾಣದ ಹಾಗೆ ಇದ್ದುಬಿಡಬೇಕು. ಹತ್ತೂವರೆಗೆ ಹಸಿವಿಗೆ ಮಕ್ಕಳು ಜಗಳ ತೆಗೆಯುತ್ತಾರೆ. ಅದನ್ನು ಬಿಡಿಸುವ ನೆಪದಲ್ಲಿ ದೊಡ್ಡವರು ತಮ್ಮದನ್ನು ಶುರು ಹಚ್ಚಿಕೊಳ್ಳುತ್ತಾರೆ.

ತಿಂಡಿಯೂ ಅಲ್ಲದ ಊಟವೂ ಅಲ್ಲದ ಈ ಎಡಬಿಡಂಗಿ ಹೊತ್ತಿನ ಪರವಾಗಿ ವಕಾಲತ್ತು ವಹಿಸಿದವನು ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ. ಭಾನುವಾರ ಚರ್ಚು ಮುಗಿಸಿ ಬಂದು ಹೊಟ್ಟೆ ಬಿರಿಯುವಷ್ಟು ಮಾಂಸದೂಟಕ್ಕೆ ಕೂರುವುದು ಯಾಕೆ, ಶನಿವಾರ ರಾತ್ರಿ ಮಜಾ ಮಾಡಿದವರು ತಡವಾಗಿ ಎದ್ದು ಹಗುರಾಗಿ ತಿನ್ನಬಾರದೇಕೆ ಎಂದು 1895ರಲ್ಲೇ ಬರೆದ. ಇಂಥ ಊಟ ಮಾತನ್ನು ಹೊರಡಿಸುತ್ತದೆ, ಮನಸ್ಸನ್ನು ಪ್ರಸನ್ನವಾಗಿಸುತ್ತದೆ ಎಂಬುದೂ ಅವನ ವಾದ. ಮಾತು ಹೊರಡುವುದು ನಿಜ. ಪ್ರಸನ್ನತೆಯ ಬಗ್ಗೆ ಬರೆಯುವಾಗ ಅವನ ಜೊತೆ ಹಸಿದ ಮಕ್ಕಳೂ ಒಬ್ಬ ಭಾವನೂ ಇರಲಿಲ್ಲವೆಂದು ಕಾಣುತ್ತದೆ.

ಅಂದರೆ ಫ್ರೆಂಚ್ ರೆಸ್ಟೋರೆಂಟಿನ ಬ್ರಂಚ್ ಫ್ರೆಂಚರದ್ದಲ್ಲ. ಮೆನುವಿನಲ್ಲಿ ಮೊದಲ ಸಾಲಿನಲ್ಲೇ ಮೆರೆಯುವ ಎಗ್ಸ್ ಬೆನೆಡಿಕ್ಟ್, ಅಂದರೆ ಬನ್ನಿನ ಮೇಲೆ ಹಂದಿಮಾಂಸ, ಅರೆಬೆಂದ ಮೊಟ್ಟೆ, ಅದರ ಮೇಲೆ ಹಾಲಂಡೇಸ್ ಎಂಬ ಬೆಣ್ಣೆಯ ಸಾಸು, ನ್ಯೂಯಾರ್ಕಿನದು. ಇನ್ನು ಕ್ರೊಸಾಂ? ಅದರ ವಂಶವೃಕ್ಷ ಆಸ್ಟ್ರಿಯಾಕ್ಕೆ ಹೋಗುತ್ತದೆ. 1830ರ ದಶಕದ ಕೊನೆಯಲ್ಲಿ ಆಗಸ್ಟ್ ಜಾಂಗ್ ಎಂಬ ಆಸ್ಟ್ರಿಯಾದವನು ಪ್ಯಾರಿಸ್ಸಿನಲ್ಲಿ ವಿಯೆನ್ನಾ ಶೈಲಿಯ ಬೇಕರಿ ತೆರೆದ. ಅಲ್ಲಿ ಮಾರುತ್ತಿದ್ದ ಅರ್ಧಚಂದ್ರದ ಬನ್ನನ್ನು ಪ್ಯಾರಿಸ್ಸಿನವರು ತಮ್ಮದಾಗಿಸಿಕೊಂಡರು. ಹಿಟ್ಟಿನ ನಡುವೆ ಬೆಣ್ಣೆ ಇಟ್ಟು ಮಡಚಿ ಲಟ್ಟಿಸಿ, ಮತ್ತೆ ಮಡಚಿ ಲಟ್ಟಿಸಿ ಪದರ ಎಬ್ಬಿಸುವ ಕೆಲಸ ಆಮೇಲಿನದು. ಒಲೆಯ ಶಾಖಕ್ಕೆ ಬೆಣ್ಣೆಯಲ್ಲಿನ ನೀರು ಆವಿಯಾಗಿ ಒಂದೊಂದು ಪದರವನ್ನೂ ಮೇಲಕ್ಕೆತ್ತುತ್ತದೆ. ಹಾಗೆ ಎದ್ದ ಪದರಗಳೆಲ್ಲ ಮೊದಲ ಕಡಿತಕ್ಕೇ ಅಪ್ಪನ ಅಂಗಿಯ ಮೇಲೆ ಇಳಿದವು.

ಆರ್ಡರ್ ಮಾಡುವ ಶಾಸ್ತ್ರ ಭಾವನಿಂದ ಶುರುವಾಯಿತು. ಫ್ರೆಂಚ್ ಬಾರದಿದ್ದರೂ ಫ್ರೆಂಚ್ ಓದಲು ಅವರಿಗೆ ಸಂಕೋಚವಿಲ್ಲ. ಹ್ಯಾಮ್ ಮತ್ತು ಚೀಸ್ ಇಟ್ಟು ಕಾಯಿಸಿದ ಬ್ರೆಡ್ಡು ಕ್ರೋಕ್ ಮೆಸ್ಯೂ. ಅದರ ನೆತ್ತಿಗೊಂದು ಮೊಟ್ಟೆ ಹೊಡೆದು ಹಾಕಿದರೆ ಕ್ರೋಕ್ ಮದಾಮ್. ಭಾವ ಮದಾಮ್ ಕೇಳಿದರು. ಅಕ್ಕನಿಗೆ ಎಗ್ಸ್ ಬೆನೆಡಿಕ್ಟ್, ಅಪ್ಪನಿಗೆ ಆಮ್ಲೆಟ್, ಮಕ್ಕಳಿಗೆ ಚಾಕೊಲೇಟ್ ಸುರಿದ, ತೆಳು ದೋಸೆಯಂಥ ಕ್ರೆಪ್, ನನಗೆ ಕೀಶ್ ಲೊರೇನ್. ಉಳಿದವರು ಅಮ್ಮ.

ಅಮ್ಮ ಮಾಂಸವನ್ನೂ ತಿನ್ನುವುದಿಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಫ್ರೆಂಚ್ ಅಡುಗೆಮನೆಯನ್ನು ಇಕ್ಕಟ್ಟಿಗೆ ಸಿಕ್ಕಿಸಲು ಇಷ್ಟು ಸಾಕು. ಕೀಶ್ ಎಂದರೆ ಗರಿಗರಿ ಹಿಟ್ಟಿನ ಬಟ್ಟಲಿನೊಳಗೆ ಮೊಟ್ಟೆ, ಕೆನೆ, ಹಂದಿಮಾಂಸ. ಈರುಳ್ಳಿ ಸೂಪು ಹೆಸರಿಗೆ ಸಸ್ಯಾಹಾರಿ, ಒಳಗಿರುವುದು ದನದ ಮೂಳೆ ಕುದಿಸಿದ ರಸ. ಕ್ರೆಪ್‌ನ ಹಿಟ್ಟಿನಲ್ಲಿ ಮೊಟ್ಟೆ, ಬ್ರಿಯೋಶ್ ಬ್ರೆಡ್‌ನಲ್ಲಿ ಇನ್ನೂ ಹೆಚ್ಚು ಮೊಟ್ಟೆ. ವೇಟರ್ ಹುಡುಗ ಪಾಪ, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ತಲೆಯಾಡಿಸುತ್ತ ಕ್ರೊಸಾಂವರೆಗೆ ಬಂದ.

“ಹಿಟ್ಟಿಗೆ ಮೊಟ್ಟೆ ಹಾಕಲ್ಲ ಮೇಡಂ. ಹೊಳಪು ಬರಲಿ ಅಂತ ಮೇಲೆ ಸ್ವಲ್ಪ ಬ್ರಶ್‌ನಲ್ಲಿ ಹಚ್ತೀವಿ ಅಷ್ಟೆ.”

“ಒಳಗೆ ಹಾಕಿದರೇನು, ಮೇಲೆ ಹಚ್ಚಿದರೇನಪ್ಪಾ?” ಎಂದರು ಅಮ್ಮ.

ಕೊನೆಗೆ ಉಳಿದದ್ದು ಬಗೆಟ್ ಎಂಬ ಉದ್ದನೆಯ ಬ್ರೆಡ್ಡು. ಸಾಂಪ್ರದಾಯಿಕ ಎಂಬ ಹೆಸರಲ್ಲಿ ಮಾರುವ ಬಗೆಟ್‌ಗೆ ಕೃತಕ ಸೇರ್ಪಡೆ ಯಾವುದೂ ಕೂಡದೆಂದು ಫ್ರಾನ್ಸಿನಲ್ಲಿ 1993ರಲ್ಲಿ ಸರ್ಕಾರವೇ ಆದೇಶ ಹೊರಡಿಸಿದೆ. ಗೋಧಿಹಿಟ್ಟು, ನೀರು, ಉಪ್ಪು, ಹುದುಗು, ಮುಗಿಯಿತು. ಒಂದು ಬುಟ್ಟಿ ಬಗೆಟ್, ಬೆಣ್ಣೆ, ಜಾಮು, ಒಂದು ಹಾಲು ಕಾಫಿ. “ಇಷ್ಟಕ್ಕೆ ಇಲ್ಲಿತನಕ ಬರಬೇಕಿತ್ತಾ?” ಎಂದು ಅಕ್ಕ ಪೇಚಾಡಿಕೊಂಡಳು.

ರೆಸ್ಟೋರೆಂಟ್ ಹುಟ್ಟಿದ್ದೇ ಹೀಗೆ ಒಬ್ಬೊಬ್ಬರು ಒಂದೊಂದು ಕೇಳಲಿ ಎಂದು. ಅದಕ್ಕೆ ಮುಂಚೆ ಪ್ಯಾರಿಸ್ಸಿಗೆ ಬಂದ ಪರಸ್ಥಳದವನು ಛತ್ರದ ಯಜಮಾನನ ಉದ್ದ ಮೇಜಿನಲ್ಲಿ, ಅವನು ಹೇಳಿದ ಹೊತ್ತಿಗೆ, ಅವನು ಮಾಡಿಸಿದ್ದನ್ನು ಅಪರಿಚಿತರ ಜೊತೆ ಹಂಚಿಕೊಂಡು ತಿನ್ನಬೇಕಿತ್ತು. ಕೈ ಚುರುಕಿದ್ದವನಿಗೆ ಒಳ್ಳೆಯ ತುಂಡು. 1760ರ ದಶಕದಿಂದೀಚೆಗೆ ಹುಟ್ಟಿಕೊಂಡ ರೆಸ್ಟೋರೆಂಟುಗಳು ಬೇರೆ ಬೇರೆ ಸಣ್ಣ ಮೇಜು ಹಾಕಿದವು, ಆರಿಸಿಕೊಳ್ಳಲು ಪಟ್ಟಿ ಕೊಟ್ಟವು, ತಿಂದಷ್ಟಕ್ಕೆ ಬಿಲ್ಲು ಬರೆದವು. ನನ್ನ ಹಸಿವು, ನನ್ನ ತಟ್ಟೆ, ನನ್ನ ದುಡ್ಡು. ದೊಡ್ಡ ಸುಧಾರಣೆಯೇ ಸರಿ. ಇನ್ನೂರೈವತ್ತು ವರ್ಷಗಳ ಈ ಸುಧಾರಣೆಯನ್ನು ನಮ್ಮ ಮನೆಯವರು ಹತ್ತು ನಿಮಿಷದಲ್ಲಿ ಹಾಳುಗೆಡವಿದರು.

ಆಮ್ಲೆಟ್‌ನಿಂದಲೇ ಶುರು. ಫ್ರೆಂಚ್ ಆಮ್ಲೆಟ್‌ನ ಮೈಮೇಲೆ ಕಂದು ಕಲೆ ಇರಕೂಡದು. ಹೊರಗೆ ತಿಳಿಹಳದಿ ರೇಷ್ಮೆ, ಒಳಗೆ ಇನ್ನೂ ಹರಿಯಲೋ ಬೇಡವೋ ಎಂಬಷ್ಟು ಮೆದು. ಬಾಣಸಿಗನ ಕೈಗುಣವೆಲ್ಲ ಅದರಲ್ಲೇ. ಅಪ್ಪ ಫೋರ್ಕಿನಿಂದ ಅದರ ಹೊಟ್ಟೆ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿ, “ಬೆಂದಿಲ್ಲ” ಎಂದು ತೀರ್ಪು ಕೊಟ್ಟರು. ವಾಪಸ್ ಕಳಿಸಿದರೆ ಮಾನ ಹೋಗುತ್ತದೆಂದು ಅಕ್ಕ ತನ್ನ ಬೆನೆಡಿಕ್ಟನ್ನೇ ಅಪ್ಪನ ಕಡೆ ಸರಿಸಿದಳು. ಅಲ್ಲಿ ಚಾಕು ತಾಗಿದ್ದೇ ತಡ, ಮೊಟ್ಟೆಯ ಹಳದಿ ಭಂಡಾರ ಎಲ್ಲ ಹೊರಗೆ ಹರಿಯಿತು. ಅಪ್ಪನ ಮುಖ ನೋಡಿ ಭಾವ ತಮ್ಮ ಮದಾಮನ್ನು ಅತ್ತ ದಾಟಿಸಿ ಬೆನೆಡಿಕ್ಟನ್ನು ಎಳೆದುಕೊಂಡರು. ಚಿಕ್ಕವಳು ಮದಾಮಿನ ನೆತ್ತಿಯ ಮೊಟ್ಟೆ ತನಗೇ ಬೇಕೆಂದಳು. ದೊಡ್ಡವನು ನನ್ನ ಕೀಶ್‌ನ ತುದಿಯ ಗರಿಗರಿ ಅಂಚನ್ನು ಸುತ್ತಲೂ ಮುರಿದು ತಿಂದು, ನಡುವಿನದನ್ನು ಉದಾರವಾಗಿ ನನಗೆ ಬಿಟ್ಟ. ಸಂಗೀತ ಕುರ್ಚಿಯ ಆಟದಂತೆ ತಟ್ಟೆಗಳು ಮೇಜನ್ನು ಸುತ್ತಿದವು. ಕಾಫಿ ತಂದ ವೇಟರ್‌ಗೆ ಯಾರ ಮುಂದೆ ಏನಿಡಬೇಕೆಂದೇ ತಿಳಿಯಲಿಲ್ಲ.

ಈ ಗದ್ದಲದಲ್ಲಿ ಅಮ್ಮ ಬಗೆಟ್ ತುಂಡನ್ನು ಉದ್ದಕ್ಕೆ ಸೀಳಿ, ಬೆಣ್ಣೆ ಸವರಿ, ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಅದ್ದಿದಾಗ ಬೆಣ್ಣೆಯ ಸಣ್ಣ ಸಣ್ಣ ಹೊನ್ನಿನ ಚುಕ್ಕಿಗಳು ಕಾಫಿಯ ಮೇಲೆ ತೇಲುತ್ತಿದ್ದವು.

“ಅಮ್ಮಾ, ಇಲ್ಲೆಲ್ಲ ಹಾಗೆ ಅದ್ದಬಾರ್ದು” ಎಂದು ಅಕ್ಕ ಪಿಸುಗುಟ್ಟಿದಳು.

“ಕಾಫಿ ನಂದು, ಬ್ರೆಡ್ ನಂದು. ಯಾರಪ್ಪನ ಗಂಟೇನು ಹೋಯ್ತು?”

ಫ್ರಾನ್ಸಿನ ಮನೆಗಳಲ್ಲಿ ಬೆಳಗ್ಗೆ ತಿನ್ನುವುದು ಹೆಚ್ಚುಕಡಿಮೆ ಇದನ್ನೇ: ಬ್ರೆಡ್ಡು, ಬೆಣ್ಣೆ, ಜಾಮು, ಹಿಡಿಯಿಲ್ಲದ ಬೋಗುಣಿಯಲ್ಲಿ ಹಾಲು ಕಾಫಿ. ಅದ್ದಲು ಸಲೀಸಾಗಲಿ ಎಂಬಂತೆ ಬೋಗುಣಿಯ ಬಾಯಿಯೂ ಅಗಲ. ಅಷ್ಟು ದೊಡ್ಡ ಮೆನುವಿನಲ್ಲಿ ಫ್ರೆಂಚ್ ತಿಂಡಿ ತಿಂದವರು ಅಮ್ಮ ಒಬ್ಬರೇ. ಅಕ್ಕನಿಗೆ ಇದನ್ನು ಹೇಳೋಣವೆಂದುಕೊಂಡೆ; ಅಷ್ಟರಲ್ಲಿ ಅವಳೇ ತಟ್ಟೆಯಲ್ಲಿ ಉಳಿದ ಹಾಲಂಡೇಸ್ ಸಾಸನ್ನು ಒರೆಸಿಕೊಳ್ಳಲು ಅಮ್ಮನ ಬುಟ್ಟಿಗೆ ಕೈ ಹಾಕಿದ್ದಳು. ಅವಳ ಹಿಂದೆ ಭಾವ, ಭಾವನ ಹಿಂದೆ ನಾನು. ಬೇಯದ ಮೊಟ್ಟೆಗಳಿಂದ ಬೇಸತ್ತ ಅಪ್ಪನಂತೂ ಬುಟ್ಟಿಯನ್ನೇ ಹತ್ತಿರಕ್ಕೆ ಎಳೆದುಕೊಂಡಿದ್ದರು. ಬುಟ್ಟಿ ಖಾಲಿಯಾಯಿತು, ತುಂಬಿ ಬಂತು, ಮತ್ತೆ ಖಾಲಿಯಾಯಿತು.

ಬಿಲ್ಲು ಬಂದಾಗ ಭಾವ ಮೊಬೈಲು ತೆಗೆದು, ಅವರವರು ತಿಂದದ್ದನ್ನು ಅವರವರ ಲೆಕ್ಕಕ್ಕೆ ಹಾಕುವ ಆ್ಯಪ್ ತೆರೆದರು. ಬೆನೆಡಿಕ್ಟ್ ಯಾರದೆಂಬ ಮೊದಲ ಪ್ರಶ್ನೆಗೇ ಮೂವರು ಒಬ್ಬರನ್ನೊಬ್ಬರು ತೋರಿಸಿದರು. ಅಮ್ಮ ಬಿಲ್ಲನ್ನು ಈಸಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಓದಿದರು. ಎಲ್ಲಕ್ಕಿಂತ ಸಣ್ಣ ಮೊತ್ತದ ಎರಡು ಸಾಲು ಹುಡುಕಿ ಅದರ ಮೇಲೆ ಬೆರಳಿಟ್ಟರು.

“ನಂದು ನಾನೇ ಕೊಡ್ತೀನಿ. ನಿಮ್ಮ ನಿಮ್ಮದು ನೀವು ನೋಡ್ಕೊಳ್ಳಿ.”