ಎಂಟೂವರೆ ಕಿಲೋಮೀಟರಿನ ಸದ್ದು

ಓಡುವ ವಾಹನದ ಸದ್ದನ್ನು ಪತ್ತೆಹಚ್ಚುವುದರಲ್ಲಿ ಮೊದಲ ತೊಡಕೆಂದರೆ, ಒಂದೇ ಕಾರಿನಲ್ಲಿ ಕುಳಿತವರಿಗೆ ಅದು ಒಂದೇ ಕಡೆಯಿಂದ ಕೇಳಿಸುವುದಿಲ್ಲ. ಸ್ಟೀರಿಂಗ್ ಹಿಡಿದವನಿಗೆ ಎಡಗಡೆಯಿಂದ, ಪಕ್ಕದಲ್ಲಿ ಕುಳಿತವರಿಗೆ ಕಾಲಡಿಯಿಂದ, ಹಿಂದಿನ ಸೀಟಿನ ಹಿರಿಯರಿಗೆ ಡಿಕ್ಕಿಯಿಂದ. ನಮ್ಮ ಕಾರು ಹೊಸದೊಂದು ಸದ್ದನ್ನು ರೂಢಿಸಿಕೊಂಡ ದಿನಗಳಲ್ಲಿ ನಮ್ಮ ಮಾವನವರು ಊರಿನಿಂದ ಬಂದಿದ್ದರು. ಅದು ತಾವು ತಂದ ತೆಂಗಿನಕಾಯಿಗಳದೇ ಎಂದು ಅವರು ಎಷ್ಟು ಖಚಿತವಾಗಿ ಹೇಳಿದರೆಂದರೆ, ಮನೆ ಸೇರಿದ ಕೂಡಲೇ ಕಾಯಿಗಳ ಜೊತೆಗೆ ಸ್ಟೆಪ್ನಿ, ಜಾಕು, ಪಾನಾ, ಯಾವ ಕಾಲದ್ದೋ ಒಂದು ಕೊಡೆ, ಎಲ್ಲವನ್ನೂ ಹೊರಗಿಟ್ಟು ಡಿಕ್ಕಿಯನ್ನು ಗುಡಿಸಿದ್ದಾಯಿತು. ಮರುದಿನ ಖಾಲಿ ಕಾರಿನಲ್ಲಿ ಸದ್ದು ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು.

ಚಿಲ್ಲರೆ ಹೆಚ್ಚೇನೂ ಇಲ್ಲದ ಹುಂಡಿಯನ್ನು ಯಾರೋ ನಿಧಾನವಾಗಿ ಉರುಳಿಸುತ್ತಿರುವಂಥ ಸದ್ದು ಅದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಚಿಂಚಾಗಿ ಮುಂದೆ ಸರಿಯುವಾಗ ಸದಾ ಇರುತ್ತಿತ್ತು. ನಮ್ಮ ಬಡಾವಣೆಯ ಹಂಪುಗಳ ಬಳಿ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ತಪ್ಪದೆ ಹಾಜರಾಗುತ್ತಿತ್ತು. ರಸ್ತೆ ತೆರವಾಗಿ ಕಾರು ವೇಗ ಹಿಡಿದರೆ ಸದ್ದಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾವು ಭಾವಿಸಿದ್ದ ಇನ್ನೊಂದು ತಂಟೆಯೂ ಅದೇ ವಾರ ಶುರುವಾಗಿತ್ತು: 2023ರಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ತೊಂಬತ್ತರ ಆಸುಪಾಸಿಗೆ ಬಂದರೆ ಸ್ಟೀರಿಂಗ್ ನಡುಗುತ್ತಿತ್ತು. ಅದೂ ಪ್ರತಿ ಸಲವಲ್ಲ. ಬಿಡದಿಯವರೆಗೆ ಗಡಗಡ ನಡುಗಿದ ಸ್ಟೀರಿಂಗು, ಅಲ್ಲಿ ನಿಲ್ಲಿಸಿ ತಟ್ಟೆ ಇಡ್ಲಿ ತಿಂದು ಹೊರಟರೆ ಮಂಡ್ಯದವರೆಗೂ ಸದ್ಗೃಹಸ್ಥನ ಹಾಗೆ ನಡೆದುಕೊಳ್ಳುತ್ತಿತ್ತು. ಇಡ್ಲಿಯಿಂದ ಗುಣವಾಗುವ ಯಂತ್ರದೋಷ ಇರಲಾರದೆಂದು ಗೊತ್ತಿದ್ದರೂ ನಾನು ಆ ಹೋಟೆಲನ್ನು ತಪ್ಪಿಸುವ ಧೈರ್ಯ ಮಾಡಲಿಲ್ಲ.

ಗ್ಯಾರೇಜಿನ ಮೆಕ್ಯಾನಿಕ್ ಅನುಭವಸ್ಥ. ಸದ್ದೆಂದರೆ ಆತನಿಗೆ ಒಂದು ಕ್ರಮವಿತ್ತು, ಅದು ಸರಿಯಾದ ಕ್ರಮವೇ. ಮೊದಲು ಸದ್ದು ಎಂಜಿನ್ನಿನದೋ ಚಕ್ರದ್ದೋ ಎಂದು ಬೇರ್ಪಡಿಸಬೇಕು: ಓಡುತ್ತಿರುವಾಗ ಕ್ಲಚ್ ಒತ್ತಿ ಎಂಜಿನ್ ವೇಗ ಇಳಿಸಿದಾಗ ಸದ್ದೂ ಇಳಿದರೆ ಎಂಜಿನ್ ಕಡೆಯದು, ಹಾಗೇ ಮುಂದುವರಿದರೆ ಚಕ್ರದ ಕಡೆಯದು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಹೋಗುವಾಗ ಟಕಟಕ ಎಂದರೆ ಮುಂದಿನ ಆಕ್ಸಲ್ಲಿನ ಜಾಯಿಂಟು ಸವೆದಿದೆ. ಗುಂಯ್ ಎನ್ನುವ ಸದ್ದು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಾಗ ಹೆಚ್ಚಿದರೆ ಭಾರವೆಲ್ಲ ಬಲಕ್ಕೆ ಬಿದ್ದಿರುವುದರಿಂದ ಬಲಚಕ್ರದ ಬೇರಿಂಗನ್ನು ಅನುಮಾನಿಸಬೇಕು. ಬ್ರೇಕ್ ಪ್ಯಾಡ್ ಸವೆದು ತೆಳುವಾದಾಗ ಕಿರ್ ಎಂದು ಎಚ್ಚರಿಸಲೆಂದೇ ಅನೇಕ ಕಾರುಗಳ ಪ್ಯಾಡಿನಲ್ಲಿ ಪುಟ್ಟದೊಂದು ಉಕ್ಕಿನ ನಾಲಿಗೆ ಇರುತ್ತದೆ. ಇಷ್ಟನ್ನೆಲ್ಲ ಆತ ನನಗೆ ಬಿಡಿಸಿ ಹೇಳಿ, “ಟಕ್ ಅಂತದಾ ಸಾರ್, ಟಪ್ ಅಂತದಾ?” ಎಂದು ಕೇಳಿದ. ಎರಡೂ ಅಲ್ಲ, ಟಿಣ್ ಎಂದಿತು ನನ್ನ ಕಿವಿ. ಪಕ್ಕದಲ್ಲಿದ್ದ ಶ್ರೀಮತಿ “ಟಿಣ್ ಅಲ್ಲ ರೀ, ಟಿಣಿಟಿಕ್” ಎಂದು ತಿದ್ದಿದಳು. ಟಿಣಿಟಿಕ್ ಎಂಬ ರೋಗ ಆತನ ಶಾಸ್ತ್ರದಲ್ಲಿರಲಿಲ್ಲ. “ಒಂದು ಟ್ರಯಲ್ ನೋಡ್ಕೊಂಡು ಬರ್ತೀನಿ ಬಿಡಿ” ಎಂದು ಕೀ ತೆಗೆದುಕೊಂಡ.

ಮೆಕ್ಯಾನಿಕ್‌ಗಳ ಟ್ರಯಲ್ಲನ್ನು ಗಮನಿಸಿದವರಿಗೆ ಗೊತ್ತಿರುತ್ತದೆ, ಅವರು ಗ್ಯಾರೇಜಿನ ಗೇಟು ದಾಟುವ ಮೊದಲೇ ಎರಡನೆಯ ಗೇರಿಗೆ ಬಂದಿರುತ್ತಾರೆ. ಹೋದಷ್ಟೇ ವೇಗದಲ್ಲಿ ಹಿಂದಿರುಗಿದ ಆತ, “ಸದ್ದೇ ಇಲ್ವಲ್ಲ ಸಾರ್” ಎಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಕನಿಕರವಿತ್ತು. ಅದು ಹೆಚ್ಚು ನೋಯಿಸಿತು. ಆದರೂ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಸೌಜನ್ಯದಿಂದ ಲಿಂಕ್ ರಾಡು ಬದಲಾಯಿಸಿದ, ಮುಂದಿನ ಸಲ ಲೋವರ್ ಆರ್ಮ್ ಬುಷ್ ಬದಲಾಯಿಸಿದ. ಎರಡೂ ಸವೆದಿದ್ದವು ಎನ್ನುವುದು ನಿಜ. ನಮ್ಮ ಊರಿನ ರಸ್ತೆಗಳಲ್ಲಿ ಓಡಿದ ಯಾವ ಕಾರಿನಲ್ಲಿ ಅವು ಸವೆದಿರುವುದಿಲ್ಲ? ಸ್ಟೀರಿಂಗ್ ನಡುಕದ ಬಗ್ಗೆ ಹೇಳಿದರೆ, “ಅದು ಬೇರೆ ಕಂಪ್ಲೇಂಟು” ಎಂದು ಇನ್ನೊಂದು ಸಾಲಿನಲ್ಲಿ ಬರೆದುಕೊಂಡ.

ಕೊನೆಗೆ ದಾರಿ ಕಂಡದ್ದು ನನ್ನ ಶ್ರೀಮತಿಗೆ. “ಒಳಗೆ ಕೂತು ಕೇಳಿದ್ರೆ ಆಗೋದಿಲ್ಲ, ನಾನು ಇಳಿದು ಜೊತೆಗೇ ನಡೀತೀನಿ, ನೀವು ಮೆಲ್ಲಗೆ ಬಿಡಿ” ಎಂದಳು. ಭಾನುವಾರದ ಬೆಳಗ್ಗೆ, ಹಾಲು ತರಕಾರಿ ಎಂದು ಬಡಾವಣೆಯ ಎಲ್ಲರೂ ಬೀದಿಯಲ್ಲಿರುವ ಹೊತ್ತು. ಆಕೆ ರಸ್ತೆಯ ಎಡಗಡೆಯಲ್ಲಿ ಮುಂದಿನ ಚಕ್ರದ ಕಡೆಗೆ ಕಿವಿಯೊಡ್ಡಿ, ತಲೆ ತಗ್ಗಿಸಿಕೊಂಡು ಬಿರುಸಾಗಿ ನಡೆಯುತ್ತಿದ್ದಾಳೆ, ನಾನು ಪಕ್ಕದಲ್ಲೇ ಕಾರನ್ನು ತೆವಳಿಸುತ್ತ, ಎಡಗಡೆಯ ಗಾಜು ಇಳಿಸಿಕೊಂಡು, “ಕೇಳಿಸ್ತಾ? ಈಗ ಕೇಳಿಸ್ತಾ?” ಎಂದು ಅಂಗಲಾಚುತ್ತಿದ್ದೇನೆ. ಆಕೆ ನನ್ನತ್ತ ನೋಡದೆ ಕೈಯೆತ್ತಿ, “ಮಾತಾಡ್ಬೇಡಿ ನೀವು!” ಎನ್ನುತ್ತಿದ್ದಾಳೆ. ಸೊಪ್ಪಿನ ಗಾಡಿಯವನು ಕೂಗುವುದನ್ನು ನಿಲ್ಲಿಸಿದ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವರು ಒಣಹಾಕಿದ ಬಟ್ಟೆಯನ್ನೇ ತೆಗೆದು ಮತ್ತೆ ಒಣಹಾಕತೊಡಗಿದರು. ಎದುರುಮನೆಯ ಅಜ್ಜಿ ಗೇಟಿನವರೆಗೆ ಬಂದು, ಏನೂ ಕೇಳದೆ, ತಲೆಯಾಡಿಸುತ್ತ ಒಳಗೆ ಹೋದರು.

“ಇದೇ, ಮುಂದಿನ ಎಡಚಕ್ರ” ಎಂದು ಆಕೆ ಸಾರಿದಾಗ ನಾವು ಮೂರನೆಯ ಅಡ್ಡರಸ್ತೆ ತಲುಪಿದ್ದೆವು. ಅಲ್ಲಿಯೇ ನಿಲ್ಲಿಸಿ, ಸ್ಕ್ರೂಡ್ರೈವರಿನಿಂದ ಪ್ಲಾಸ್ಟಿಕ್ಕಿನ ವೀಲ್ ಕ್ಯಾಪನ್ನು ಮೀಟಿ ತೆಗೆದೆ. ಬ್ರೇಕಿನ ಕಪ್ಪು ಧೂಳಿನ ಜೊತೆಗೆ ಹೆಬ್ಬೆರಳಿನಷ್ಟು ಉದ್ದದ ಬೂದು ಲೋಹದ ಪಟ್ಟಿಯೊಂದು ರಸ್ತೆಗೆ ಬಿತ್ತು. ಅದರ ಮೇಲೆ 10 ಎಂಬ ಅಂಕಿ ಎರಡು ಕಡೆ ಮೂಡಿತ್ತು. ಬೆನ್ನಿಗೆ ಅಂಟಿನ ಚೂರುಗಳು. ಉರುಳಿ ಉರುಳಿ ಮೂಲೆಗಳು ಮಾತ್ರ ಬೆಳ್ಳಿಯಂತೆ ಬೆಳಗುತ್ತಿದ್ದವು. ಚಕ್ರದ ತೂಕ ಸುತ್ತಲೂ ಸಮವಾಗಿರಲೆಂದು ವೀಲ್ ಬ್ಯಾಲೆನ್ಸಿಂಗ್ ಮಾಡುವಾಗ ಕ್ಯಾಪಿನ ಹಿಂದೆ ರಿಮ್ಮಿಗೆ ಅಂಟಿಸಿದ್ದ 20 ಗ್ರಾಮಿನ ತೂಕ ಕಳಚಿಕೊಂಡು, ಹೊರಗೆ ಬೀಳಲು ದಾರಿಯಿಲ್ಲದೆ ಒಳಗೇ ಸಂಸಾರ ಹೂಡಿತ್ತು.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ಎಲ್ಲವೂ ಬಿಡಿಸಿಕೊಂಡಿತು. ಚಕ್ರ ನಿಧಾನವಾಗಿ ತಿರುಗುವಾಗ ಒಳಗಿರುವ ತುಂಡು ರಿಮ್ಮಿನ ಜೊತೆ ಮೇಲೇರಿ, ತಲೆಕೆಳಗಾಗುವಷ್ಟರಲ್ಲಿ ಜಾರಿ ಬೀಳುತ್ತದೆ, ಅದೇ ಟಿಣಿಟಿಕ್. ವೇಗ ಹೆಚ್ಚಿದಂತೆ ಅದು ಹೊರಕ್ಕೆ ಒತ್ತಿ ರಿಮ್ಮಿಗೆ ಕಚ್ಚಿಕೊಳ್ಳುತ್ತದೆ, ತುಂಬಿದ ಬಕೆಟ್ಟನ್ನು ಬೀಸಿ ತಿರುಗಿಸಿದರೆ ನೀರು ಚೆಲ್ಲದಿರುವುದೂ ಇದೇ ನಿಯಮದಿಂದ. ನಮ್ಮ ಕಾರಿನದು ಹದಿನಾಲ್ಕು ಇಂಚಿನ ರಿಮ್ಮು; ಚಕ್ರ ಸೆಕೆಂಡಿಗೆ ಸುಮಾರು 1.2 ಸುತ್ತು ಬಂದರೆ ಸಾಕು, ತುಂಡು ಬೀಳುವುದನ್ನು ನಿಲ್ಲಿಸುತ್ತದೆ. ಟೈರಿನ ಸುತ್ತಳತೆ ಎರಡು ಮೀಟರಿಗೆ ತುಸು ಕಡಿಮೆ ಇರುವುದರಿಂದ, ಅದು ಗಂಟೆಗೆ ಎಂಟೂವರೆ ಕಿಲೋಮೀಟರಿನ ಆಸುಪಾಸು. ಮೆಕ್ಯಾನಿಕ್ ಆ ವೇಗದಲ್ಲಿ ಗ್ಯಾರೇಜಿನ ಒಳಗೂ ಓಡಿಸುವವನಲ್ಲ. ಸಿಲ್ಕ್ ಬೋರ್ಡಿನಲ್ಲಿ ನಾವು ಅದನ್ನು ಮೀರುವವರಲ್ಲ.

ನಡುಕದ ಗುಟ್ಟೂ ಅಲ್ಲೇ ಇತ್ತು. 20 ಗ್ರಾಮಿನ ಏರುಪೇರು 100 ಕಿಲೋಮೀಟರ್ ವೇಗದಲ್ಲಿ ಎರಡೂಮುಕ್ಕಾಲು ಕಿಲೋ ಭಾರದಷ್ಟು ಎಳೆತವಾಗಿ, ಸೆಕೆಂಡಿಗೆ ಹದಿನಾಲ್ಕು ಸಲ ಚಕ್ರವನ್ನು ಜಗ್ಗುತ್ತದೆ. ಆದರೆ ಕಾರು ಹೊರಟಾಗಲೆಲ್ಲ ತುಂಡು ಹೊಸ ಜಾಗ ಹಿಡಿಯುತ್ತಿತ್ತು. ತನ್ನ ಹಳೆಯ ಜಾಗದಲ್ಲೇ ಕಚ್ಚಿಕೊಂಡರೆ ಚಕ್ರ ಸಮತೂಕ, ಎದುರು ಮಗ್ಗುಲಿಗೆ ಹೋದರೆ ಏರುಪೇರು ಇಮ್ಮಡಿ. ಬಿಡದಿಯಲ್ಲಿ ನಾವು ಇಡ್ಲಿ ತಿನ್ನಲು ನಿಂತಾಗ ಅದು ಜಾಗ ಬದಲಾಯಿಸುತ್ತಿತ್ತು, ಅಷ್ಟೆ. ಈ ಎರಡು ಕಂಪ್ಲೇಂಟುಗಳ ನಡುವಿನ ಹತ್ತರಿಂದ ಎಂಬತ್ತರವರೆಗಿನ ವೇಗದಲ್ಲಿ ಕಾರಿಗೆ ಏನೂ ಆಗಿರಲಿಲ್ಲ. ಟ್ರಯಲ್ ನಡೆಯುತ್ತಿದ್ದದ್ದೂ ಆ ವೇಗದಲ್ಲೇ.

ಬ್ಯಾಲೆನ್ಸಿಂಗ್ ಅಂಗಡಿಯ ಹುಡುಗ ಚಕ್ರವನ್ನು ಯಂತ್ರಕ್ಕೇರಿಸಿ ತಿರುಗಿಸಿದಾಗ ಪರದೆಯ ಮೇಲೆ 20 ಎಂದೇ ಬಂತು. ಹೊಸ ಪಟ್ಟಿ ಅಂಟಿಸುವ ಮುನ್ನ ಆತ ರಿಮ್ಮನ್ನು ಒರೆಸಿದ್ದನ್ನು ಶ್ರೀಮತಿ ನಿಂತು ನೋಡಿ ಖಾತ್ರಿ ಮಾಡಿಕೊಂಡಳು.

ಸಂಜೆ ಎದುರುಮನೆಯ ಅಜ್ಜಿ ಮನೆಗೆ ಬಂದರು. ಕಾಫಿ ಕುಡಿದು, ಮಳೆಯ ಮಾತಾಡಿ, ನಾನು ಒಳಗೆ ಹೋದೆನೆಂದು ತಿಳಿದುಕೊಂಡು ಶ್ರೀಮತಿಯ ಕೈ ಹಿಡಿದು, “ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ ಕಣಮ್ಮ. ಅದಕ್ಕೆ ಕಾರಿಳಿದು ನಡೆದುಬಿಡೋದಾ?” ಎಂದರು. ಆಕೆ ನಗು ತಡೆಯಲಾರದೆ, “ಅಯ್ಯೋ ಜಗಳ ಅಲ್ಲ ಅಜ್ಜಿ, ಎಲ್ಲಾ ಇದರಿಂದ ಆಗಿದ್ದು” ಎಂದು ಆ ಲೋಹದ ತುಂಡನ್ನು ಅವರ ಅಂಗೈಯಲ್ಲಿಟ್ಟಳು. ಅಜ್ಜಿ ಅದನ್ನು ಎತ್ತಿ ತೂಗಿ ನೋಡಿದರು, ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು, ಆಮೇಲೆ ದನಿ ತಗ್ಗಿಸಿ ಕೇಳಿದರು:

“ಯಾರು ಯಾರಿಗೆ ಎಸೆದದ್ದು?”